ಗಡಿಯಾರದ ಮನೆಯಲ್ಲಿ ಸತ್ತು ಸತ್ತು ಏಳುವ ಲ್ಯಾಪ್‌ಟಾಪ್

ನಕ್ಷೆಯ ಚಕ್ರಕ್ಕೆ ಕೊನೆಯ ಹಲ್ಲು ಕೂರಿಸಿ, ಯಂತ್ರ ತಿರುಗಿಸಿದ ಕ್ಷಣದಲ್ಲೇ ಲ್ಯಾಪ್‌ಟಾಪ್ ಸತ್ತಿತು.

ಸದ್ದಿಲ್ಲ. ಹೊಗೆಯಿಲ್ಲ. ಪರದೆ ಕಪ್ಪಾಯಿತು, ಅಷ್ಟೇ. ಸೊಸೆ ಎದೆ ಹಿಡಿದುಕೊಂಡು ನೋಡುತ್ತಿರುವಾಗಲೇ ಅದು ಏನೂ ಆಗಿಲ್ಲವೆಂಬಂತೆ ತಾನಾಗಿ ಎದ್ದು ಕೂತು, ಈಗಷ್ಟೇ ನಿದ್ದೆ ತಿಳಿದವರ ಹಾಗೆ ಒಂದು ರಾಗ ಹಾಡಿತು. ಅವಳು ಕಿರುಚಿದಳು. ಆ ಕೂಗಿಗೆ ಕೆಳಗಿನ ಅಂಗಡಿಯಲ್ಲಿ ವರ್ಷಗಳಿಂದ ನಿಂತುಹೋಗಿದ್ದ ಗೋಡೆ ಗಡಿಯಾರವೊಂದು ಗಾಬರಿಯಿಂದ ನಡೆಯತೊಡಗಿತು. ಇದರಲ್ಲಿ ಎಳ್ಳಷ್ಟೂ ಉತ್ಪ್ರೇಕ್ಷೆಯಿಲ್ಲ. ಆ ಗಡಿಯಾರ ಇವತ್ತಿಗೂ ನಡೆಯುತ್ತಿದೆ. ಅನುಮಾನವಿದ್ದವರು ಹೋಗಿ ಕಿವಿಯಿಟ್ಟು ಕೇಳಬಹುದು.

"ಮತ್ತೆ ಹೋಯ್ತಾ?" ಅಡುಗೆಮನೆಯಿಂದ ಅತ್ತೆ ಕೇಳಿದರು.

"ಹೋಯ್ತು ಅತ್ತೆ. ಮತ್ತೆ ಬಂತು."

"ಬಂತಲ್ಲ, ಬಿಡು."

"ಅದು ಬಂತು. ನನ್ನ ಕೆಲಸ ಬರಲಿಲ್ಲ."

ಕೆಲಸ ಸಣ್ಣದಲ್ಲ. ಚೌಕದ ಗೋಪುರದಲ್ಲಿ ಒಂದು ಗಡಿಯಾರವಿತ್ತು. ಅದರ ಗಂಟೆ ಹೊಡೆದರೆ ಏಳು ಬೀದಿಗಳಾಚೆ ಮಲಗಿದ ಸೋಮಾರಿಗಳು ಹಾಸಿಗೆಯ ಸಮೇತ ನೆಗೆಯುತ್ತಿದ್ದರು. ಅದಕ್ಕೆ ಕೀಲಿ ಕೊಡುವುದು, ಎಣ್ಣೆ ಹಾಕುವುದು, ಮುನಿಸಿಕೊಂಡಾಗ ರಮಿಸುವುದು ಎಲ್ಲವೂ ಅವಳ ಮಾವನದೇ. ಅವರು ಗಡಿಯಾರ ರಿಪೇರಿಯವರು. ಕೆಳಗೆ ಅಂಗಡಿ, ಮೇಲೆ ಮನೆ. ಹೋದ ತಿಂಗಳು ಗೋಪುರದೊಳಗಿನ ಹಳೆಯ ಹಲ್ಲುಚಕ್ರವೊಂದು ಮುರಿದು ಗಡಿಯಾರ ನಿಂತಿತು. ಅಂದಿನಿಂದ ಮಾವ ತರಕಾರಿ ತರಲೂ ಚೌಕದ ದಾರಿ ಹಿಡಿಯುತ್ತಿರಲಿಲ್ಲ. ಗೋಪುರ ಕಣ್ಣಿಗೆ ಬೀಳದ ಹಾಗೆ ಅರ್ಧ ಊರು ಸುತ್ತಿ ಬರುತ್ತಿದ್ದರು.

ನಗರಸಭೆಯ ಎಂಜಿನಿಯರ್ ಒಳ್ಳೆಯ ಮನುಷ್ಯ, ಆದರೆ ಗಡುವಿನ ಮನುಷ್ಯ. ಮುರಿದ ಚಕ್ರದ ನಕ್ಷೆ ಬೇಕು, ಅದು ಇಡೀ ಯಂತ್ರದೊಳಗೆ ಕೂತು ಸಲೀಸಾಗಿ ತಿರುಗುವುದನ್ನು ತೋರಿಸಬೇಕು, ಇವತ್ತು ಕಚೇರಿ ಮುಚ್ಚುವ ಮೊದಲು ಕೈ ಸೇರಬೇಕು. ಸೇರಿದರೆ ಹೊಸ ಚಕ್ರ. ಇಲ್ಲದಿದ್ದರೆ ನಾಳೆ ಕ್ರೇನು ಬರುತ್ತದೆ, ಗಡಿಯಾರ ಕೆಳಗಿಳಿಯುತ್ತದೆ, ಕೆಂಪು ಅಂಕಿಗಳ ವಿದ್ಯುತ್ ಫಲಕ ಮೇಲೇರುತ್ತದೆ.

ಸೊಸೆ ಯಂತ್ರಗಳ ನಕ್ಷೆ ಬರೆಯುವವಳು. "ನಾನು ಬರೆದುಕೊಡ್ತೀನಿ ಮಾವ, ನೀವು ಯೋಚನೆ ಬಿಡಿ" ಎಂದು ಎದೆ ತಟ್ಟಿಕೊಂಡು ಹೇಳಿದವಳೂ ಅವಳೇ. ನಕ್ಷೆಯ ಪ್ರೋಗ್ರಾಂ ಇದ್ದದ್ದು ಈ ಒಂದೇ ಲ್ಯಾಪ್‌ಟಾಪಿನಲ್ಲಿ. ಅದೋ, ಒಂದೊಂದೇ ಚಕ್ರ ತೋರಿಸು ಎಂದರೆ ತೋರಿಸುತ್ತದೆ. ಇಡೀ ಯಂತ್ರ ತೆರೆದು ತಿರುಗಿಸಿದರೆ ಸಾಯುತ್ತದೆ. ಸಾಲದ್ದಕ್ಕೆ ಇನ್ನೊಂದು ಕಿರಿಕಿರಿ. ಈಗಷ್ಟೇ ಉಳಿಸಿದ ಫೈಲು ಮೇಲೆ ಕಾಣಬೇಕಲ್ಲವೇ? ಕಾಣುವುದಿಲ್ಲ. ಪಟ್ಟಿಯ ತಳಕ್ಕೆ ಹೋಗಿ, ಹಳೇ ಕಾಲದ ಕೆಲಸಗಳ ನಡುವೆ ಅವಿತುಕೊಂಡಿರುತ್ತದೆ.

ಅವಳು ಅಣ್ಣನಿಗೆ ಫೋನ್ ಮಾಡಿದಳು.

"ಅಣ್ಣಾ, ಸತ್ತೋಯ್ತು."

"ಯಾರು?"

"ಲ್ಯಾಪ್‌ಟಾಪು."

"ಸತ್ತು ಮಲಗ್ತಾ ಇದೆಯೋ, ಸತ್ತು ಏಳ್ತಾ ಇದೆಯೋ?"

"ಏಳ್ತಾ ಇದೆ. ಅದೇ ಕಷ್ಟ."

"ಹಾಗಾದ್ರೆ ಅದು ಸಾವಲ್ಲ ಪುಟ್ಟಿ. ಯಾರೋ ಕೊಲ್ತಾ ಇದ್ದಾರೆ." ಆ ಕಡೆಯ ದನಿ ಗಂಭೀರವಾಯಿತು. "ಮನೆಯವರು ಯಾರೂ ಹೊರಗೆ ಹೋಗೋ ಹಾಗಿಲ್ಲ. ಬಂದೆ."

ಅಣ್ಣನಿಗೆ ಊರವರು ಇಟ್ಟ ಹೆಸರು ಬಿಚ್ಚಣ್ಣ. ತೊಟ್ಟಿಲಲ್ಲಿದ್ದಾಗಲೇ ತೊಟ್ಟಿಲಿನ ಮೊಳೆ ಬಿಚ್ಚಿದವನು. ಶಾಲೆಯ ಗಂಟೆ ಬಿಚ್ಚಿ ಎರಡು ದಿನ ರಜೆ ಕೊಡಿಸಿದವನು. ತನ್ನ ಮದುವೆಯ ದಿನ ಧ್ವನಿವರ್ಧಕ ಗೊರಗೊರ ಎಂದಿತೆಂದು ಅದನ್ನು ಬಿಚ್ಚಲು ಹೋಗಿ, ಮದುಮಗನಿಲ್ಲದೆ ಅರ್ಧ ಮದುವೆ ನಡೆಯುವ ಹಾಗೆ ಮಾಡಿದವನು. ಈಗ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನು ಕಣ್ಣು ಕಿರಿದು ಮಾಡಿ ನೋಡಿದರೆ ಸ್ಕ್ರೂಗಳು ತಾವಾಗಿಯೇ ಸಡಿಲವಾಗುತ್ತವೆ ಎಂಬ ಪ್ರತೀತಿ ಇದೆ. ಹಬ್ಬಿಸಿದವನು ಅವನೇ ಇರಬಹುದು. ಆದರೂ ಪ್ರತೀತಿ ಪ್ರತೀತಿಯೇ.

ಬಂದವನು ನೇರ ಮೇಲೆ ಹತ್ತಲಿಲ್ಲ. ಅಂಗಡಿಯಲ್ಲೇ ನಿಂತ. ಗೋಡೆಯ ತುಂಬ ಗಡಿಯಾರ. ಒಂದರಲ್ಲಿ ಎರಡು ಗಂಟೆ, ಪಕ್ಕದ್ದರಲ್ಲಿ ಒಂಬತ್ತೂಕಾಲು, ಅದರ ಕೆಳಗಿನದರಲ್ಲಿ ಐದಕ್ಕೆ ಹತ್ತು ನಿಮಿಷ. ಯಾವ ಎರಡೂ ಒಂದು ಮಾತಿಗೆ ಬರುವ ಲಕ್ಷಣವಿರಲಿಲ್ಲ.

"ಮಾವ, ಇಷ್ಟು ಗಡಿಯಾರ ಇದೆ. ಒಂದಾದ್ರೂ ಸರಿಯಾದ ಗಂಟೆ ತೋರಿಸ್ಬಾರ್ದಾ?"

ಮಾವ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ ಉತ್ತರಿಸಿದರು. "ಎಲ್ಲ ಒಂದೇ ಸಲ ಹೊಡೆದ್ರೆ ಯಾವುದು ತಪ್ಪಿ ಹೊಡೀತು ಅಂತ ಹೇಗಪ್ಪ ತಿಳಿಯುತ್ತೆ? ಬೇರೆ ಬೇರೆ ಇಟ್ರೆ ಒಂದೊಂದೇ ಹೊಡೆಯುತ್ತೆ. ನಾನು ಒಂದೊಂದನ್ನೇ ಕೇಳ್ತೀನಿ."

"ನಿಮಗೆ ಗಂಟೆ ಎಷ್ಟು ಅಂತ ಬೇಕಾದ್ರೆ?"

"ಗೋಪುರ ಇತ್ತಲ್ಲ," ಎಂದರು ಮಾವ. ಅವರ ಕೈಗಳು ಮಾತ್ರ ಕೆಲಸ ನಿಲ್ಲಿಸಲಿಲ್ಲ. ಮುಂದಿದ್ದ ಮೇಜು ಗಡಿಯಾರದ ಒಳಗಿಂದ ಸೆಲ್ ತೆಗೆದು ಪಕ್ಕಕ್ಕಿಟ್ಟವು. ತಗಡಿನ ಡಬ್ಬಿಯಿಂದ ಇನ್ನೊಂದು, ಮಾಸಿದ ಸೆಲ್ ಎತ್ತಿ ಆ ಜಾಗದಲ್ಲಿ ಕೂರಿಸಿದವು. ಅವರು ಅತ್ತ ನೋಡಲೂ ಇಲ್ಲ.

ಬಿಚ್ಚಣ್ಣ ಮೇಲೆ ಬಂದ. ಲ್ಯಾಪ್‌ಟಾಪಿನ ಎದುರು ತಂಗಿಯನ್ನು ಕೂರಿಸಿದ. ಬಾಗಿಲ ಬಳಿ ನಿಂತ ಅವಳ ಗಂಡನನ್ನು ಪೊಲೀಸರೂ ನೋಡದ ಹಾಗೆ ನೋಡಿದ.

"ಭಾವನೋರೆ, ಇದನ್ನ ಕೊನೇ ಸಲ ಬಿಚ್ಚಿದ್ದು ಯಾರು?"

"ನಾನೇ. ಹೋದ ವಾರ. ದೊಡ್ಡ ಬ್ಯಾಟರಿ ಊದಿಕೊಂಡಿತ್ತು. ತೆಗೆದು ಹಾಕಿದೆ. ಈಗ ಬರೀ ಕರೆಂಟಲ್ಲಿ ನಡೆಯುತ್ತೆ."

"ನೀವು ಬಿಚ್ಚಿದ್ರಿ." ಬಿಚ್ಚಣ್ಣನ ಮುಖದಲ್ಲಿ ನಿಜವಾದ ನೋವು ಕಂಡಿತು. "ಬಿಚ್ಚೋ ಕೆಲಸಕ್ಕೆ ನಾನಿರ್ಲಿಲ್ವಾ?"

"ನಿಮ್ಮನ್ನ ಕರೆದ್ರೆ ಅದರ ಜೊತೆ ಮಿಕ್ಸಿನೂ ಬಿಚ್ತೀರ ಭಾವ."

"ಎಲ್ಲಿ ಬಿಚ್ಚಿದ್ರಿ?"

"ಅಪ್ಪನ ಮೇಜಿನ ಮೇಲೆ. ಸಣ್ಣ ಸ್ಕ್ರೂಡ್ರೈವರ್ ಇರೋದು ಅಲ್ಲೇ ತಾನೇ."

"ಪೂರ್ತಿ ಹೊತ್ತು ಪಕ್ಕದಲ್ಲೇ ಇದ್ರಾ?"

"ನಡುವೆ ಒಂದು ಫೋನ್ ಬಂತು. ಐದು ನಿಮಿಷ ಹೊರಗೆ ಹೋಗಿದ್ದೆ."

"ಅಣ್ಣಾ," ಎಂದಳು ಸೊಸೆ, "ಇವರ ಐದು ನಿಮಿಷದಲ್ಲಿ ಒಂದು ಮಗು ಹುಟ್ಟಿ ಶಾಲೆಗೆ ಸೇರಬಹುದು."

ಬಿಚ್ಚಣ್ಣ ಲ್ಯಾಪ್‌ಟಾಪಿನ ಬೆನ್ನು ತೆರೆದ. ಒಳಗೆ ಎರಡು ಹಸಿರು ಪಟ್ಟಿಗಳು, ಒಂದರ ಮೇಲೊಂದು. ಇದೇ ಮೆಮೊರಿ, ಅಂಗಡಿಯವರ ಬಾಯಲ್ಲಿ ರ‍್ಯಾಮ್. ಒಂದು ಲ್ಯಾಪ್‌ಟಾಪಿನ ಜೊತೆಗೇ ಬಂದದ್ದು. ಇನ್ನೊಂದನ್ನು ಗಂಡ ಎಲ್ಲಿಂದಲೋ ಹಳೆಯದನ್ನು ತಂದು, ಹುಲಿ ಹೊಡೆದವನ ಗತ್ತಿನಲ್ಲಿ ಹಾಕಿದ್ದ. ಬಿಚ್ಚಣ್ಣ ಆ ಎರಡನೆಯದನ್ನು ಕಿತ್ತ. ಲ್ಯಾಪ್‌ಟಾಪ್ ಸಾಯಲಿಲ್ಲ. ಆದರೆ ಗೋಪುರದ ಯಂತ್ರ ಅಷ್ಟು ಸಣ್ಣ ಜಾಗದಲ್ಲಿ ಹಿಡಿಸಲಿಲ್ಲ; ನಕ್ಷೆ ತೆರೆಯಲೇ ಇಲ್ಲ. ಮೊದಲನೆಯದನ್ನು ಕಿತ್ತು ಗಂಡ ತಂದದ್ದನ್ನು ಮಾತ್ರ ಬಿಟ್ಟ. ಕೆಲಸ ಕೊಟ್ಟ ಕೂಡಲೇ ಪರದೆ ಕಪ್ಪು.

"ಕೊಲೆಗಾರ ಸಿಕ್ಕಿದ," ಎಂದ ಬಿಚ್ಚಣ್ಣ. "ತಂದವರು ಎದುರಿಗೇ ಇದ್ದಾರೆ."

ಗಂಡ ಕೆಂಪಗಾದ. "ಅದು ಹೇಗೆ? ಇಷ್ಟು ತಿಂಗಳು ಸರಿ ಇತ್ತಲ್ಲ? ಎರಡೂ ಹಾಕ್ಕೊಂಡು ಇವಳು ಇಡೀ ಕಾರ್ಖಾನೆ ಬರೆದಿದ್ದಾಳೆ."

ಬಿಚ್ಚಣ್ಣನ ಕೈ ಅಲ್ಲೇ ನಿಂತಿತು. ಸೊಸೆ ಅಣ್ಣನ ಹುಬ್ಬು ಮೇಲೇರುವುದನ್ನು ನೋಡಿದಳು. ಹುಬ್ಬು ಏರಿತೆಂದರೆ ಸಂಗತಿ ಇದೆ.

"ಸರಿ ಇತ್ತು," ಅವನು ನಿಧಾನವಾಗಿ ಹೇಳಿದ. "ಯಾಕಂದ್ರೆ ಅದಕ್ಕೆ ಲಗಾಮು ಹಾಕಿದ್ದು ನಾನು. ಈ ಪಟ್ಟಿ ಮುದಿಕುದುರೆ. ಜೋರಾಗಿ ಓಡಿಸಿದ್ರೆ ಏದುಸಿರು ಬಂದು ಬೀಳುತ್ತೆ. ಅದು ಬಿದ್ರೆ ಇಡೀ ಲ್ಯಾಪ್‌ಟಾಪ್ ಬೀಳುತ್ತೆ. ನಿಧಾನಕ್ಕೆ ಓಡಿಸಿದ್ರೆ ಎಷ್ಟು ಭಾರ ಬೇಕಾದ್ರೂ ಹೊರುತ್ತೆ. ಅದಕ್ಕೇ ಆಗ ನಾನು ಫರ್ಮ್‌ವೇರ್‌ಗೆ ಹೋಗಿ ವೇಗ ಇಳಿಸಿದ್ದೆ."

"ಫರ್ಮ್‌ವೇರ್ ಅಂದ್ರೆ?" ಅತ್ತೆ ಸೌಟು ಹಿಡಿದುಕೊಂಡೇ ಬಂದಿದ್ದರು.

"ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಎಲ್ಲರಿಗಿಂತ ಮೊದಲು ಏಳೋದು ಅದು ಅತ್ತೆ. ನೀನು ಇಷ್ಟು ಓಡು, ನೀನು ಅಷ್ಟು ಕೆಲಸ ಮಾಡು ಅಂತ ಮಿಕ್ಕವರಿಗೆಲ್ಲ ಅಪ್ಪಣೆ ಕೊಡುತ್ತೆ."

"ಈ ಮನೇಲಿ ನನ್ನ ಹಾಗೆ," ಎಂದರು ಅತ್ತೆ. ಯಾರೂ ಅಲ್ಲಗಳೆಯಲಿಲ್ಲ.

ಬಿಚ್ಚಣ್ಣ ಲ್ಯಾಪ್‌ಟಾಪ್ ಏಳುವಾಗಲೇ ಒಂದು ಕೀಲಿ ಒತ್ತಿ ಫರ್ಮ್‌ವೇರ್‌ನ ಪುಟ ತೆರೆಸಿದ. ನೇರ ಮೆಮೊರಿಯ ಸಾಲಿಗೆ ಹೋದ. ಲಗಾಮು ಇರಲಿಲ್ಲ. ವೇಗ ತುತ್ತತುದಿಯಲ್ಲಿ ಕೂತಿತ್ತು.

"ಇದನ್ನ ಯಾರು ಮುಟ್ಟಿದ್ದು?"

ಸೊಸೆ ಕೂತಲ್ಲೇ ಒಂದಿಷ್ಟು ಹಿಂದೆ ಸರಿದಳು. "ಅಣ್ಣಾ… ಹೋದ ವಾರವೇ, ಫರ್ಮ್‌ವೇರ್ ಹೊಸದು ಬಂದಿದೆ, ಹಾಕ್ಕೋತೀಯಾ ಅಂತ ಕೇಳ್ತು. ಹೂಂ ಅಂದೆ."

"ಹೂಂ ಅಂದೆ," ಎಂದು ಬಿಚ್ಚಣ್ಣ ಚಾವಣಿಗೆ ವರದಿ ಒಪ್ಪಿಸಿದ. "ಹೊಸದು ಬಂದ್ರೆ ಹಳೇ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತೆ ಪುಟ್ಟಿ. ಹಾಗಾದ್ರೆ ಕೊಲೆಗಾರ್ತಿ ನೀನೇ."

ಗಂಡ ಗೋಡೆಗೆ ಒರಗಿ ಕೈಕಟ್ಟಿ ನಿಂತ. ಅಷ್ಟು ನೆಮ್ಮದಿಯ ನಿಲುವು ಅವನ ಮದುವೆಯ ಫೋಟೋದಲ್ಲೂ ಇರಲಿಲ್ಲ.

ವೇಗ ಇಳಿಸಿದರು. ಪಟ್ಟಿಗಳೆರಡೂ ಒಳಗೆ ಹೋದವು. ನಕ್ಷೆ ತೆರೆಯಿತು. ಇಡೀ ಗೋಪುರದ ಯಂತ್ರ ಪರದೆಯ ಮೇಲೆ ನಿಂತಿತು, ತಿರುಗಿತು, ಸಾಯಲಿಲ್ಲ. ಹೊಸ ಚಕ್ರದ ಎರಡು ಹಲ್ಲು ಮಾತ್ರ ಪಕ್ಕದ ಚಕ್ರಕ್ಕೆ ಉಜ್ಜುತ್ತಿದ್ದವು, ತಿದ್ದಿದರೆ ಮುಗಿಯಿತು.

"ಕಾದುಹೋಗಿದೆ. ಆರಿಸು, ತಣ್ಣಗಾಗ್ಲಿ. ಅಷ್ಟರಲ್ಲಿ ಊಟ ಮಾಡೋಣ," ಎಂದ ಬಿಚ್ಚಣ್ಣ, ಗೆದ್ದವನ ಹಸಿವಿನಲ್ಲಿ.

ಊಟ ಮುಗಿಸಿ ಬಂದು ಎರಡು ಹಲ್ಲು ತಿದ್ದಿದಳು. ಯಂತ್ರ ತಿರುಗಿಸಿದಳು.

ಕಪ್ಪು.

ಈ ಸಲ ಅವಳು ಕಿರುಚಲಿಲ್ಲ. ಅದೇ ಬಿಚ್ಚಣ್ಣನಿಗೆ ಹೆಚ್ಚು ಭಯ ಹುಟ್ಟಿಸಿತು. ಫರ್ಮ್‌ವೇರ್‌ನ ಪುಟ ತೆರೆದ. ಅವನೇ ತನ್ನ ಕೈಯಾರೆ ಇಳಿಸಿದ್ದ ವೇಗ ಮತ್ತೆ ತುತ್ತತುದಿಯಲ್ಲಿತ್ತು.

"ಇದು ಸಾಧ್ಯವೇ ಇಲ್ಲ," ಎಂದ. "ನಾವೆಲ್ಲ ಒಂದೇ ಕಡೆ ಊಟಕ್ಕೆ ಕೂತಿದ್ವಿ. ಲ್ಯಾಪ್‌ಟಾಪ್ ಈ ಕೋಣೇಲಿ. ಯಾರು ಒಳಗೆ ಬಂದಿದ್ರು?"

ಎಲ್ಲರೂ ಎಲ್ಲರ ಮುಖ ನೋಡಿದರು. ಕೊನೆಗೆ ಎಲ್ಲರೂ ಅತ್ತೆಯ ಮುಖ ನೋಡಿದರು.

"ನಾನು ಬಂದಿದ್ದೆ. ಗೋಡೆ ಸ್ವಿಚ್ ಆರಿಸೋಕೆ. ಅದೂ ತಪ್ಪಾ?"

"ಲ್ಯಾಪ್‌ಟಾಪ್ ಮುಟ್ಟಿದ್ರಾ ಅತ್ತೆ?"

"ಅದನ್ನ ಯಾಕಪ್ಪ ಮುಟ್ಲಿ? ಅದರ ಮೇಲೆ ಧೂಳು ಒರೆಸಿದ್ರೂ ನಿನ್ನ ತಂಗಿ ಹಾರಿ ಬೀಳ್ತಾಳೆ."

"ಸ್ವಿಚ್ ಯಾವಾಗ್ಲೂ ಆರಿಸ್ತೀರಾ?"

"ಮದುವೆಯಾಗಿ ಈ ಮನೆಗೆ ಬಂದ ದಿನದಿಂದ." ಇದು ಸತ್ಯ. ಅವರ ಕಣ್ಣೆದುರು ಉರಿಯುತ್ತಿರುವ ಸ್ವಿಚ್ಚು ಒಂದು ಕ್ಷಣ ಬದುಕಿದರೆ ಹೆಚ್ಚು. ಒಮ್ಮೆ ಬಾಗಿಲ ಎದುರಿನ ಬೀದಿದೀಪವನ್ನೂ ಆರಿಸಲು ಕಂಬ ಹತ್ತಲು ಹೊರಟಿದ್ದರು. ಮಾವ ಸೆರಗು ಹಿಡಿದು ಎಳೆದುಕೊಂಡು ಬಂದರು.

"ಹಾಗಾದ್ರೆ ಸ್ವಿಚ್ಚಿನ ತಪ್ಪಲ್ಲ," ಬಿಚ್ಚಣ್ಣ ಗೊಣಗಿದ. "ಹಿಂದೆನೂ ಆರಿಸ್ತಾ ಇದ್ರು, ಹಿಂದೆ ಲಗಾಮು ಹೋಗ್ತಿರ್ಲಿಲ್ಲ."

ಅವನು ಮೆಟ್ಟಿಲ ಮೇಲೆ ಹೋಗಿ ಕುಸಿದು ಕೂತ. ಸೊಸೆ ಪರದೆಯನ್ನೇ ನೋಡುತ್ತ ಕೂತಳು. ಕೆಳಗಿನಿಂದ ಮಾವನ ಕೆಮ್ಮು ಕೇಳಿತು. ಬೆಳಿಗ್ಗೆಯಿಂದ ಅವರು ಒಂದು ಸಲವೂ ಮೇಲೆ ಬಂದು, ಆಯ್ತಾ ಎಂದು ಕೇಳಿರಲಿಲ್ಲ. ಕೇಳದಿರುವುದೇ ಅವಳಿಗೆ ಭಾರವಾಗಿತ್ತು. ನಾಳೆ ಕ್ರೇನಿನ ಸದ್ದು ಈ ಬೀದಿಗೆ ಕೇಳುತ್ತದೆ. ಆಗ ಅವರು ಯಾವ ದಾರಿ ಸುತ್ತಿ ಹೋಗುತ್ತಾರೆ?

"ನಗರಸಭೆ ಮುಚ್ಚೋಕೆ ಎಷ್ಟು ಹೊತ್ತಿದೆ?" ಬಿಚ್ಚಣ್ಣ ಕೂತಲ್ಲಿಂದಲೇ ಕೂಗಿದ. "ಗಂಟೆ ಎಷ್ಟೀಗ?"

"ಯಾವುದರಲ್ಲಿ?" ಕೆಳಗಿನಿಂದ ಮಾವ.

"ನನ್ನ ಹೊಟ್ಟೆ ಪ್ರಕಾರ ಚಹಾದ ಹೊತ್ತು," ಒಳಗಿನಿಂದ ಅತ್ತೆ.

"ಮೂರೂವರೆ," ಫೋನ್ ನೋಡಿ ಗಂಡ.

ಸೊಸೆ ಪರದೆಯ ಮೂಲೆ ನೋಡಿ, ಅಳುವೋ ನಗುವೋ ಗೊತ್ತಾಗದ ದನಿಯಲ್ಲಿ ಹೇಳಿದಳು. "ಇದರಲ್ಲಿ ಹನ್ನೆರಡೂ ಎಂಟು."

ಮೆಟ್ಟಿಲ ಮೇಲೆ ದಡದಡ ಹೆಜ್ಜೆ ಸದ್ದಾಯಿತು.

"ಪುಟ್ಟಿ," ಬಿಚ್ಚಣ್ಣ ಎದ್ದು ಬಂದಿದ್ದ. "ಹಗಲು ಹನ್ನೆರಡಾ, ರಾತ್ರಿಯದಾ?"

"ರಾತ್ರಿ ಅಂತಿದೆ."

"ಇಸವಿ?"

ಅವಳು ಬಗ್ಗಿ ನೋಡಿದಳು. "ಅಯ್ಯೋ. ಆಗ ನನಗೆ ಮದುವೆನೇ ಆಗಿರ್ಲಿಲ್ಲ."

"ಒಳ್ಳೇ ಕಾಲ," ಎಂದ ಗಂಡ. ಆಮೇಲೆ ಹೆಂಡತಿಯ ಮುಖ ನೋಡಿ ಕಿಟಕಿಯ ಕಡೆ ತಿರುಗಿದ.

"ಇದು ಹೀಗೆ ತೋರಿಸೋದು ಯಾವಾಗಿಂದ?"

"ಗೊತ್ತಿಲ್ಲ ಅಣ್ಣಾ. ಈ ಮನೇಲಿ ಗಡಿಯಾರ ಯಾರು ನೋಡ್ತಾರೆ? ಎಲ್ಲವೂ ತಪ್ಪೇ ತೋರಿಸುತ್ತವೆ."

ಬಿಚ್ಚಣ್ಣನ ಎರಡೂ ಹುಬ್ಬು ಏರಿ ಕೂದಲೊಳಗೆ ಮಾಯವಾದವು. "ಎಲ್ಲರೂ ಕೆಳಗೆ ಬನ್ನಿ," ಎಂದ. "ಅಂಗಡಿಗೆ. ಅತ್ತೆ, ಸ್ವಿಚ್ ಮುಟ್ಟಬೇಡಿ. ಕೈ ಮುಗಿದು ಕೇಳ್ತೀನಿ."

ಅಂಗಡಿಯ ಮೇಜಿನ ಸುತ್ತ ಎಲ್ಲರೂ ನಿಂತರು. ಮಾವ ಭೂತಗನ್ನಡಿ ತೆಗೆದು ತಲೆಯೆತ್ತಿದರು. ಗೋಡೆಯ ಮೇಲೊಂದು ಗಡಿಯಾರ ಏಳು ಹೊಡೆಯಿತು. ಅದಕ್ಕೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

"ನೋಡಿ," ಬಿಚ್ಚಣ್ಣ ಶುರುಮಾಡಿದ. "ಇಷ್ಟು ಹೊತ್ತು ನಾನು ಹುಡುಕಿದ್ದು ಲಗಾಮು ಬಿಚ್ಚಿದವರನ್ನ. ಬಿಚ್ಚಿದವರು ಯಾರೂ ಇಲ್ಲ. ಲ್ಯಾಪ್‌ಟಾಪ್ ತಾನೇ ಮರೀತಾ ಇದೆ. ಬರೀ ಲಗಾಮಲ್ಲ, ತಾರೀಖು, ಗಂಟೆ, ಎಲ್ಲ ಮರೀತಾ ಇದೆ. ಪ್ರತಿ ಸಲ ಕರೆಂಟು ಹೋದಾಗ್ಲೂ ಹೊಸದಾಗಿ ಹುಟ್ಟುತ್ತೆ. ಅದಕ್ಕೇ ಇವಳು ಇವತ್ತು ಉಳಿಸಿದ ಫೈಲು ಹಳೇ ಕಾಲದ ಫೈಲುಗಳ ಜೊತೆ ಹೋಗಿ ಕೂತ್ಕೊಳ್ತಾ ಇತ್ತು. ಅದಕ್ಕೆ ಇವತ್ತು ಅಂದ್ರೆ ಯಾವುದೋ ಮಾಂಧಾತನ ಕಾಲ."

"ಇಂಟರ್ನೆಟ್ ಇದ್ರೆ ಗಂಟೆ ತಾನೇ ಸರಿಹೋಗುತ್ತಲ್ಲ?" ಗಂಡ ಕೇಳಿದ.

"ಹೋಗುತ್ತೆ. ಇವಳು ಭಾರ ಕಡಿಮೆ ಆಗ್ಲಿ ಅಂತ ನೆಟ್ ಆರಿಸಿ ಕೂತಿದ್ದಾಳೆ. ಬೇರೆ ಯಾರ ಮನೇಲಾದ್ರೂ ಮೂಲೇಲಿ ಮಧ್ಯರಾತ್ರಿ ತೋರಿಸಿದ್ರೆ ಬೆಳಿಗ್ಗೆನೇ ಗೊತ್ತಾಗ್ತಿತ್ತು. ಈ ಮನೇಲಿ ತಪ್ಪು ಗಂಟೆ ಅಂದ್ರೆ ಗಾಳಿ ಇದ್ದ ಹಾಗೆ, ಯಾರಿಗೂ ಕಾಣಲ್ಲ. ನನ್ನ ಕಣ್ಣಿಗೂ ಬಿದ್ದಿರ್ಬೇಕು. ಅಂಗಡಿ ದಾಟಿ ಬಂದ ಮೇಲೆ ನಾನೂ ಗಡಿಯಾರ ನಂಬೋದು ಬಿಟ್ಟಿದ್ದೆ."

"ಯಾಕೆ ಮರೀತಾ ಇದೆ, ಅದು ಹೇಳು," ಎಂದರು ಅತ್ತೆ.

"ಕರೆಂಟು ಇಲ್ಲದಾಗ ಇವನ್ನೆಲ್ಲ ನೆನಪಲ್ಲಿ ಇಟ್ಕೊಳ್ಳೋಕೆ ಒಳಗೆ ಒಂದು ಪುಟ್ಟ ಸೆಲ್ ಇರುತ್ತೆ ಅತ್ತೆ. ನಾಣ್ಯದ ಹಾಗೆ, ಚಪ್ಪಟೆ. ಮೊದಲು ನೀವು ಸ್ವಿಚ್ ಆರಿಸಿದ್ರೂ ದೊಡ್ಡ ಬ್ಯಾಟರಿ ಇತ್ತು, ಇದಕ್ಕೆ ಕೆಲಸವೇ ಇರ್ಲಿಲ್ಲ. ಭಾವ ಅದನ್ನ ತೆಗೆದ ಮೇಲೆ ಎಲ್ಲ ಜವಾಬ್ದಾರಿ ಇದರ ತಲೆ ಮೇಲೆ ಬಿತ್ತು. ಆದ್ರೂ ಅದು ಸುಲಭಕ್ಕೆ ಸಾಯೋ ಸೆಲ್ ಅಲ್ಲ. ರ‍್ಯಾಮ್‌ಗೆ ಲಗಾಮು ಹಾಕಿದ ದಿನ ಆ ಸೆಲ್ಲೂ ಹೊಸದು ಹಾಕಿದ್ದೆ ನಾನು."

ಅವನು ಪ್ಲಗ್ ಕಿತ್ತು ಮೇಲಿನಿಂದ ಹೊತ್ತು ತಂದಿದ್ದ ಲ್ಯಾಪ್‌ಟಾಪಿನ ಬೆನ್ನು ತೆರೆದ. ಉಗುರಿನಿಂದ ಸೆಲ್ ಎಬ್ಬಿಸಿ ಅಂಗೈ ಮೇಲೆ ಇಟ್ಟುಕೊಂಡ. ಮಾಸಿದ, ಗೀಚಿದ, ಬಡಪಾಯಿ ಸೆಲ್.

"ಇದು ನಾನು ಹಾಕಿದ್ದಲ್ಲ. ಯಾರೋ ಒಳ್ಳೇದನ್ನ ತೆಗೆದು ಸತ್ತದ್ದನ್ನ ಕೂರಿಸಿದ್ದಾರೆ. ಕಳ್ಳನಾಗಿದ್ರೆ ತೆಗೆದು ಸುಮ್ಮನೆ ಹೋಗ್ತಿದ್ದ. ತೆಗೆದ ಜಾಗದಲ್ಲಿ ಇನ್ನೊಂದನ್ನ ಕೂರಿಸೋ ಕಳ್ಳ ಯಾವನು?"

ಸೊಸೆಗೆ ಮಾತ್ರ ಥಟ್ಟನೆ ತಿಳಿಯಿತು. ಈ ಮನೆಗೆ ಬಂದ ಹೊಸತರಲ್ಲಿ ಅಂಗಡಿಯಲ್ಲಿ ಅವಳು ಒಂದು ಗಡಿಯಾರದ ಸೆಲ್ ತೆಗೆದು ಹಾಗೇ ಬಿಟ್ಟಿದ್ದಳು. ಗೂಡು ಖಾಲಿ ಬಿಡಬಾರದು ಮಗಳೇ, ಒಳಗಿನ ತಗಡಿನ ನಾಲಿಗೆ ಸಡಿಲವಾಗುತ್ತೆ, ಸತ್ತದ್ದಾದರೂ ಸರಿ ಒಂದನ್ನು ಕೂರಿಸು ಎಂದು ಕಲಿಸಿದವರು ಒಬ್ಬರೇ. ಅವಳು ಅಣ್ಣನ ತೋಳು ಹಿಡಿದಳು. ಹೇಳಬೇಡ ಎಂಬಂತೆ.

ಅಷ್ಟರಲ್ಲಿ ಮಾವ ಮೇಜಿನ ಹಿಂದಿನಿಂದ ಎದ್ದು ನಿಂತಿದ್ದರು.

"ಅವನನ್ನ ಯಾಕೆ ತಡೀತೀಯ ಮಗಳೇ? ತೆಗೆದದ್ದು ನಾನು."

"ಬೆಳಿಗ್ಗೆ ನನ್ನೆದುರೇ ಒಂದು ತೆಗೆದು ಒಂದು ಕೂರಿಸಿದ್ರಿ ಮಾವ," ಬಿಚ್ಚಣ್ಣ ಮೆತ್ತಗೆ ಹೇಳಿದ. "ನೋಡದೇ ಕೂರಿಸಿದ್ರಿ. ಭಾವ ಫೋನ್ ಹಿಡ್ಕೊಂಡು ಹೊರಗೆ ಹೋದಾಗ ಇದು ಈ ಮೇಜಿನ ಮೇಲೆ ಬೆನ್ನು ತೆರೆದು ಮಲಗಿತ್ತು. ಅಲ್ವಾ?"

"ಮಲಗಿತ್ತು." ಮಾವ ಕೈಗಳನ್ನು ನೋಡಿಕೊಂಡರು. "ಆವತ್ತು ಕೊನೇ ಮನೆ ಮೇಷ್ಟ್ರು ಬಂದಿದ್ರು. ಅವರಿಗೆ ಕಣ್ಣಿಲ್ಲ. ಇಷ್ಟು ವರ್ಷ ಗೋಪುರದ ಗಂಟೆ ಕೇಳ್ಕೊಂಡೇ ಬದುಕಿದ್ರು. ಅದು ನಿಂತ ಮೇಲೆ ಹಗಲು ಯಾವುದು ರಾತ್ರಿ ಯಾವುದು ತಿಳೀತಾ ಇಲ್ಲ ಅಂದ್ರು. ಗುಂಡಿ ಒತ್ತಿದ್ರೆ ಗಂಟೆ 'ಹೇಳೋ' ಗಡಿಯಾರ ಒಂದು ಅವರ ಹತ್ರ ಇತ್ತು, ಅದರ ಸೆಲ್ ಸತ್ತಿತ್ತು. ಆ ಅಳತೆ ನನ್ನ ಹತ್ರ ಇರ್ಲಿಲ್ಲ. ಇದರೊಳಗೆ ಕಂಡಿತು. ಇದಕ್ಕೆ ಗೋಡೆ ಕರೆಂಟಿದೆ, ಮುಳ್ಳಿಲ್ಲ, ಏನಿಲ್ಲ, ಸೆಲ್ ಯಾಕೆ ಬೇಕು ಅಂದ್ಕೊಂಡೆ. ಅವರದ್ದನ್ನ ಇದರಲ್ಲಿ ಕೂರಿಸಿದೆ. ಮಾರನೇ ದಿನ ಹೊಸದು ತಂದು ಹಾಕೋಣ ಅಂತ. ಆಮೇಲೆ ಗೋಪುರದ ಚಿಂತೇಲಿ ಮರೆತೇಹೋಯ್ತು."

ಅವರ ದನಿ ಕುಗ್ಗಿತು. "ನನ್ನ ಗೋಪುರಕ್ಕೆ ನೀನು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿದ್ದೆ. ಅದನ್ನ ಕೆಡಿಸ್ತಾ ಇದ್ದದ್ದು ನಾನೇ."

ಬೆಳಗಿನಿಂದ ಸೊಸೆ ಕಟ್ಟಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ.

"ಮಾವ, ನೀವು ಸೆಲ್ ತೆಗೆದದ್ದು ಗೋಪುರ ನಿಂತದ್ದಕ್ಕೆ ತಾನೇ? ಗೋಪುರ ನಡೆದ್ರೆ ಎಲ್ಲ ಸರಿಹೋಗುತ್ತೆ. ಮೇಷ್ಟ್ರಿಗೂ." ಅವಳು ಲ್ಯಾಪ್‌ಟಾಪ್ ಎದೆಗವಚಿಕೊಂಡಳು. "ಅಣ್ಣಾ, ಈಗ ಸೆಲ್ ಇಲ್ಲದೇ ಆಗುತ್ತಾ?"

"ಲಗಾಮು ಹಾಕಿ ಕೊಡ್ತೀನಿ. ಒಂದೇ ಷರತ್ತು. ಕೆಲಸ ಮುಗಿಯೋವರೆಗೂ ಗೋಡೆ ಸ್ವಿಚ್ ಆರಬಾರದು."

ಎಲ್ಲರೂ ಮತ್ತೆ ಅತ್ತೆಯ ಮುಖ ನೋಡಿದರು.

ಅತ್ತೆ ಸೌಟು ಪಕ್ಕಕ್ಕಿಟ್ಟರು. ಒಂದು ಕುರ್ಚಿ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಸ್ವಿಚ್ಚಿನ ಎದುರು ಕುರ್ಚಿ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಕೋಟೆ ಕಾಯುವವರ ಹಾಗೆ ಕೂತರು. "ಯಾರು ಆರಿಸ್ತಾರೋ ನೋಡ್ತೀನಿ," ಎಂದರು. ಅವರ ಬೆರಳು ಎರಡು ಮೂರು ಸಲ ತಾನಾಗಿಯೇ ಸ್ವಿಚ್ಚಿನ ಕಡೆ ಹೊರಟಿತು. ಅವರು ಇನ್ನೊಂದು ಕೈಯಿಂದ ಅದನ್ನು ಹಿಡಿದು ಮಡಿಲಲ್ಲಿ ಕೂರಿಸಿದರು. ಅಂಥ ಇಂದ್ರಿಯನಿಗ್ರಹ ಕಾಡಿನಲ್ಲಿ ಕೂತ ಋಷಿಗಳಿಗೂ ಸಾಧ್ಯವಾಗಿರಲಾರದು.

ಎರಡು ಹಲ್ಲು ತಿದ್ದಿದಳು. ಯಂತ್ರ ತಿರುಗಿಸಿದಳು. ಉಸಿರು ಬಿಗಿಹಿಡಿದದ್ದು ಅವಳೊಬ್ಬಳೇ ಅಲ್ಲ. ಕೆಳಗಿನ ಗಡಿಯಾರಗಳೂ ಒಂದು ಕ್ಷಣ ಟಿಕ್ ಎಂದು ಟಕ್ ಎನ್ನಲು ಮರೆತವು. ಪರದೆಯ ಮೇಲೆ ಹೊಸ ಚಕ್ರ ಒಂದು ಸುತ್ತು ಬಂತು. ಎಲ್ಲೂ ಉಜ್ಜಲಿಲ್ಲ. ಇನ್ನೊಂದು ಸುತ್ತು. ಗಂಡನ ಫೋನಿನಿಂದ ನೆಟ್ ತೆಗೆದುಕೊಂಡು ಕಳುಹಿಸಿದಳು. ಎಂಜಿನಿಯರ್ ಕಚೇರಿಯ ಬೀಗ ಕೈಯಲ್ಲಿ ಹಿಡಿದು ನಿಂತಿದ್ದಾಗ ಅದು ತಲುಪಿತಂತೆ. "ಚೆನ್ನಾಗಿ ತಿರುಗುತ್ತೆ ಕಣಮ್ಮ," ಎಂದು ಅವರೇ ಫೋನ್ ಮಾಡಿದರು. "ಕ್ರೇನಿಗೆ ಬೇಡ ಅಂತ ಹೇಳ್ತೀನಿ."

ಅವಳು ಕೆಳಗಿಳಿದು ಮಾವನಿಗೆ ಹೇಳಿದಳು. ಅವರು ಭೂತಗನ್ನಡಿ ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡರು. ಮುಂದೆ ಮೇಜಿನ ಮೇಲೆ ನೋಡಲು ಏನೂ ಇರಲಿಲ್ಲ.

ಅಂದು ಸಂಜೆಯೇ ಗಂಡ, "ಐದು ನಿಮಿಷದಲ್ಲಿ ಹೊಸ ಸೆಲ್ ತರ್ತೀನಿ" ಎಂದು ಹೊರಟ. ಆ ಐದು ನಿಮಿಷದೊಳಗೆ ಹೊಸ ಚಕ್ರ ಅಚ್ಚಾಗಿ, ಕಡೆಸಿಕೊಂಡು, ಗೋಪುರ ಹತ್ತಿ ಕೂತಿತು. ಸೆಲ್ ಮಾತ್ರ ಬರಲಿಲ್ಲ. ಅಷ್ಟೂ ದಿನ ಅತ್ತೆ ಆ ಸ್ವಿಚ್ಚನ್ನು ಆರಲು ಬಿಡಲಿಲ್ಲ. ಆ ಸಂಕಟಕ್ಕೆ ಮನೆಯ ಮಿಕ್ಕೆಲ್ಲ ಸ್ವಿಚ್ಚುಗಳನ್ನೂ ಎರಡೆರಡು ಸಲ ಆರಿಸಿದರು.

ಗಡಿಯಾರ ನಡೆಸುವ ದಿನ ಮಾವ ಗೋಪುರದ ತುದಿಯಲ್ಲಿ ನಿಂತರು. ಮುಳ್ಳು ಸರಿಯಾದ ಗಂಟೆಗೆ ಇಡಬೇಕು. ಫೋನ್ ಬಂತು.

"ಮಗಳೇ, ಆ ನಿನ್ನ ಮೂಲೇಲಿ ಎಷ್ಟಾಯ್ತು?"

"ಹನ್ನೊಂದಕ್ಕೆ ಎರಡು ನಿಮಿಷ ಇದೆ ಮಾವ."

"ನಂಬಬಹುದಾ?"

"ಅತ್ತೆ ಕಾವಲಿದ್ದಾರೆ."

"ಹಾಗಾದ್ರೆ ಸರಿ."

ಎರಡು ನಿಮಿಷದ ಮೇಲೆ ಗಂಟೆ ಹೊಡೆಯಿತು. ಏಳು ಬೀದಿಗಳಾಚೆ ಯಾರು ಯಾರು ಹಾಸಿಗೆಯ ಸಮೇತ ನೆಗೆದರೋ ಲೆಕ್ಕ ಸಿಕ್ಕಿಲ್ಲ. ಸೊಸೆ ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿದಳು. ಸ್ವಲ್ಪ ಹೊತ್ತಿಗೆ ಮಾವ ಬಂದರು, ಚೌಕದ ನೇರ ದಾರಿಯಲ್ಲಿ. ಅವರ ಹಿಂದೆಯೇ ಕೋಲು ಊರುತ್ತ ಕೊನೆ ಮನೆ ಮೇಷ್ಟ್ರು ಬಂದರು. ಕೈಯಲ್ಲಿ ಮಾತಾಡುವ ಗಡಿಯಾರ.

"ಇನ್ನು ಇದು ಮಾತಾಡೋದು ಬೇಡ ಕಣಯ್ಯ," ಎಂದರು ಮೇಷ್ಟ್ರು. "ದೊಡ್ಡದು ಮಾತಾಡ್ತಾ ಇದೆ. ನಿನ್ನ ಸೆಲ್ ನೀನು ತಗೋ."

ಮಾವ ಸೆಲ್ ತೆಗೆದು ಸೊಸೆಯ ಅಂಗೈಯಲ್ಲಿ ಇಟ್ಟರು. ಅವಳು ಲ್ಯಾಪ್‌ಟಾಪನ್ನು ಕೆಳಗೆ ತಂದು, ಅದರ ಗೂಡಿಗೆ ಸೆಲ್ ಕೂರಿಸಿ, ಆಯ್ತು ಅತ್ತೆ ಎಂದು ಕೂಗಿದಳು. ಮೇಲಿನಿಂದ ಒಂದು ಸ್ವಿಚ್ಚು ಆರಿದ ಸದ್ದು, ಅದರ ಬೆನ್ನಿಗೇ ತಿಂಗಳ ಉಸಿರು ಒಟ್ಟಿಗೆ ಬಿಟ್ಟ ಹಾಗೆ ಅತ್ತೆಯ ನಿಟ್ಟುಸಿರು ಕೇಳಿಸಿತು.

ಸೊಸೆ ತಿರುಗಿ ನೋಡಿದಳು. ಮಾವ ತಗಡಿನ ಡಬ್ಬಿ ತೆರೆದು, ಹುಡುಕಿ, ಆ ಮಾಸಿದ ಗೀಚಿದ ಸೆಲ್ಲನ್ನೇ ಎತ್ತಿ ಮೇಷ್ಟ್ರ ಗಡಿಯಾರದೊಳಗೆ ಕೂರಿಸುತ್ತಿದ್ದರು.

"ಅದು ಸತ್ತದ್ದಲ್ವಾ ಮಾವ?"

"ಸತ್ತದ್ದೇ," ಎಂದರು ಮಾವ. "ಗೂಡು ಖಾಲಿ ಬಿಡೋಕಾಗುತ್ತಾ?"